ಕೂಡುವ ಲೆಕ್ಕ ಒಂದೇ, ಕೋಣೆ ಬೇರೆ: ಮನೆಯಲ್ಲಿ ಸಂಗೀತ ಕಟ್ಟುವವರ ತಂತ್ರಾಂಶ

ಮನೆಯಲ್ಲೇ ಕುಳಿತು ಹಾಡಿಗೆ ಸಂಗೀತ ಕಟ್ಟಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಸಾಫ್ಟ್‌ವೇರಿನಲ್ಲಿ ಮಾಡಿದರೆ ಸೌಂಡ್ ಚೆನ್ನಾಗಿ ಬರುತ್ತದೆ? ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಎರಡು ಮೈಕ್ ಸೇರಿಸಬಹುದಾದ ಒಂದು ಆಡಿಯೊ ಇಂಟರ್‌ಫೇಸ್ ಇಟ್ಟುಕೊಂಡು, ಶಾಲೆಯ ವಾರ್ಷಿಕೋತ್ಸವದ ಹಾಡು, ಹವ್ಯಾಸಿ ನಾಟಕದ ಹಿನ್ನೆಲೆ ಸಂಗೀತ ಇಂಥವನ್ನು ಮಾಡಿಕೊಡುವ ನನ್ನನ್ನೂ ಈ ಪ್ರಶ್ನೆ ವರ್ಷಗಟ್ಟಲೆ ಕಾಡಿದೆ. ಪ್ರಶ್ನೆಯೇ ತಪ್ಪೆಂದು ತಿಳಿಯುವಷ್ಟರಲ್ಲಿ ಒಂದಿಷ್ಟು ಹಣವೂ ಕೈಬಿಟ್ಟಿತ್ತು.

ತಪ್ಪು ಏಕೆಂದರೆ, ಧ್ವನಿ ಕಂಪ್ಯೂಟರಿನೊಳಗೆ ಹೋದ ಮೇಲೆ ಬರೀ ಅಂಕಿಗಳ ಸಾಲು. ಮೈಕಿನಿಂದ ಬರುವ ವಿದ್ಯುತ್ ಸಂಕೇತವನ್ನು ಇಂಟರ್‌ಫೇಸ್ ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಆವರ್ತದ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕೆಂಬ ತತ್ತ್ವದ ಬೇರು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ. 1949ರಲ್ಲಿ ಕ್ಲಾಡ್ ಶ್ಯಾನನ್ ಅದಕ್ಕೆ ಖಚಿತ ಗಣಿತರೂಪ ಕೊಟ್ಟರು. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ಆದ್ದರಿಂದ 44,100 ಸಾಕಾಗುತ್ತದೆ. ಹತ್ತು ಟ್ರ್ಯಾಕುಗಳನ್ನು, ಅಂದರೆ ಬೇರೆಬೇರೆಯಾಗಿ ಹಿಡಿದಿಟ್ಟ ಹತ್ತು ಧ್ವನಿಗಳನ್ನು, ಮಿಕ್ಸ್ ಮಾಡುವುದೆಂದರೆ ಆಯಾ ಕ್ಷಣದ ಹತ್ತು ಸಂಖ್ಯೆಗಳನ್ನು ಅವುಗಳ ವಾಲ್ಯೂಮಿನಿಂದ ಗುಣಿಸಿ ಕೂಡುವುದು, ಅಷ್ಟೆ. ಕೂಡುವ ಲೆಕ್ಕದಲ್ಲಿ ಒಂದು ಕಂಪನಿಯದು ಮಧುರ, ಇನ್ನೊಂದರದು ಒರಟು ಎಂಬುದಿಲ್ಲ.

ಇದನ್ನು ನಂಬಬೇಕಾಗಿಲ್ಲ, ಮನೆಯಲ್ಲೇ ಪರೀಕ್ಷಿಸಬಹುದು. ಅವೇ ನಾಲ್ಕೈದು ಟ್ರ್ಯಾಕುಗಳನ್ನು ಎರಡು ಬೇರೆ ತಂತ್ರಾಂಶಗಳಲ್ಲಿ, ಯಾವ ಎಫೆಕ್ಟನ್ನೂ ಹಾಕದೆ, ಒಂದೇ ವಾಲ್ಯೂಮಿನಲ್ಲಿ ಕೂಡಿಸಿ ಎರಡು ಫೈಲುಗಳಾಗಿ ತೆಗೆಯಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದರ ಧನಸಂಖ್ಯೆಗಳನ್ನು ಋಣ, ಋಣಸಂಖ್ಯೆಗಳನ್ನು ಧನ ಮಾಡಿ ಒಟ್ಟಿಗೆ ನುಡಿಸಿದರೆ, ಅವು ಒಂದೇ ಆಗಿದ್ದ ಪಕ್ಷದಲ್ಲಿ ಪರಸ್ಪರ ಕಳೆದುಹೋಗಿ ನಿಶ್ಶಬ್ದ ಉಳಿಯುತ್ತದೆ. ನಾನು ಮೊದಲ ಸಲ ಹೀಗೆ ಮಾಡಿದಾಗ ನಿಶ್ಶಬ್ದ ಬರಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಎಡಬಲಗಳ ಹಂಚಿಕೆಯ ನಿಯಮ: ನಡುವೆ ಇಟ್ಟ ಧ್ವನಿಯನ್ನು ಒಂದು ತಂತ್ರಾಂಶ 3 ಡೆಸಿಬೆಲ್ ತಗ್ಗಿಸುತ್ತಿತ್ತು, ಇನ್ನೊಂದು ಹಾಗೆಯೇ ಬಿಡುತ್ತಿತ್ತು. ಆ ಒಂದು ಸೆಟ್ಟಿಂಗನ್ನು ಸರಿಹೊಂದಿಸಿದ ಕೂಡಲೇ ಮೀಟರಿನ ಕಡ್ಡಿ ಅಲುಗಾಡದೆ ಮಲಗಿತು. ತುಸು ಜೋರಾಗಿ ಕೇಳಿದ್ದು ನಮ್ಮ ಕಿವಿಗೆ ಹೆಚ್ಚು ಚೆನ್ನಾಗಿದೆ ಎನಿಸುತ್ತದೆ. ‘ಇದರ ಸೌಂಡೇ ಬೇರೆ’ ಎಂಬ ಮಾತುಗಳಲ್ಲಿ ಬಹುಪಾಲಿನ ಗುಟ್ಟು ಇದೇ ಇರಬೇಕೆಂದು ನನ್ನ ಅನುಮಾನ.

ಹಾಗಾದರೆ ಆಯ್ಕೆ ಯಾವುದನ್ನು ನೋಡಿ ಮಾಡಬೇಕು? ಕೊಡಗಿನಲ್ಲಿ ಕುಳಿತವನಿಗೆ ಮೊದಲ ಉತ್ತರ ಮಳೆಗಾಲದಿಂದ ಬರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ವಾದ್ಯದ ಪ್ಲಗಿನ್, ಅಂದರೆ ದೊಡ್ಡ ತಂತ್ರಾಂಶದೊಳಗೆ ಸಿಕ್ಕಿಸುವ ಪುಟ್ಟ ತಂತ್ರಾಂಶ, ಕೊಂಡಿದ್ದೆ. ಕಂಪನಿಯ ಹೆಸರು ಬೇಡ. ಅದು ಆಗಾಗ ಇಂಟರ್‌ನೆಟ್ಟಿನ ಮೂಲಕ ತನ್ನ ಲೈಸೆನ್ಸನ್ನು ಖಚಿತಪಡಿಸಿಕೊಳ್ಳುವ ಜಾತಿಯದು. ಜುಲೈ ತಿಂಗಳ ಒಂದು ವಾರ ಗಾಳಿಮಳೆಗೆ ಮರ ಬಿದ್ದು ಕರೆಂಟಿಲ್ಲ, ಎರಡನೆಯ ದಿನಕ್ಕೆ ಮೊಬೈಲ್ ಟವರೂ ಸತ್ತಿತು. ಲ್ಯಾಪ್‌ಟಾಪನ್ನು ಇನ್ವರ್ಟರಿನಿಂದ ಚಾರ್ಜ್ ಮಾಡಿಕೊಂಡು ಕುಳಿತರೆ, ಹಣ ಕೊಟ್ಟು ಕೊಂಡ ವಾದ್ಯ ‘ಸರ್ವರ್ ಸಿಗುತ್ತಿಲ್ಲ’ ಎಂದು ಹೇಳಿ ಬಾಯಿ ಮುಚ್ಚಿಕೊಂಡಿತು. ನಾಟಕದ ದಿನ ಹತ್ತಿರವಿತ್ತು, ಆ ಭಾಗವನ್ನು ಹಾರ್ಮೋನಿಯಂನಲ್ಲಿ ನುಡಿಸಿ ಮುಗಿಸಿದೆ. ಅಂದಿನಿಂದ ಯಾವುದನ್ನು ಕೊಳ್ಳುವ ಮೊದಲೂ ನಾನು ಮಾಡುವ ಪರೀಕ್ಷೆ ಒಂದಿದೆ: ಟ್ರಯಲ್ ಪ್ರತಿ ಹಾಕಿಕೊಂಡು, ವೈಫೈ ಕಿತ್ತು, ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿ, ಹಳೆಯ ಕೆಲಸ ತೆರೆಯುತ್ತದೆಯೇ ಎಂದು ನೋಡುವುದು.

ಈ ದೃಷ್ಟಿಯಿಂದ ನೋಡಿದರೆ ತಂತ್ರಾಂಶಗಳ ನಡುವೆ ನಿಜವಾದ ವ್ಯತ್ಯಾಸಗಳು ಕಾಣುತ್ತವೆ. ರೀಪರ್ ಎಂಬುದರ ಪೂರ್ತಿ ಪ್ರತಿ ಕೆಲವೇ ಹತ್ತು ಎಂಬಿಗಳದ್ದು. 60 ದಿನ ಯಾವ ಕಟ್ಟೂ ಇಲ್ಲದೆ ಬಳಸಿ ನೋಡಬಹುದು, ಆಮೇಲೆ ಸಣ್ಣಪುಟ್ಟ ಬಳಕೆಯವರಿಗೆ 60 ಡಾಲರಿನ ಲೈಸೆನ್ಸ್. ಆರ್ಡರ್ (Ardour) ಎಂಬುದು ಮುಕ್ತ ತಂತ್ರಾಂಶ, ಅದರ ಮೂಲ ಸಂಕೇತವೇ ಎಲ್ಲರಿಗೂ ತೆರೆದಿದೆ. ಎಫ್‌ಎಲ್ ಸ್ಟುಡಿಯೊ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಪುಕ್ಕಟೆ. ಆದರೆ ಅದರ ಟ್ರಯಲ್ ಪ್ರತಿಯಲ್ಲಿ ಉಳಿಸಿದ ಕೆಲಸವನ್ನು ಹಣ ಕೊಡುವ ತನಕ ಮತ್ತೆ ತೆರೆಯಲಾಗದು, ಇದು ತಿಳಿಯದೆ ಒಂದು ರಾತ್ರಿಯ ಕೆಲಸ ಕಳೆದುಕೊಂಡ ಹುಡುಗರನ್ನು ನಾನು ನೋಡಿದ್ದೇನೆ. ಏಬಲ್ಟನ್ ಲೈವಿನ ಅಗ್ಗದ ಆವೃತ್ತಿಯಲ್ಲಿ ಟ್ರ್ಯಾಕುಗಳಿಗೆ 16ರ ಮಿತಿ ಇದೆ. ಆ್ಯಪಲ್ ಕಂಪ್ಯೂಟರ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿಯೇ ಸಿಗುತ್ತದೆ, ಕಲಿಯುವವರಿಗೆ ಅದಕ್ಕಿಂತ ಹೆಚ್ಚಿನದು ಎರಡು ವರ್ಷ ಬೇಕಾಗದು. ಇವುಗಳಲ್ಲಿ ಯಾವುದು ಕೈಗೆ ಒಗ್ಗುತ್ತದೆಯೋ ಅದನ್ನು ಹಿಡಿದು ಕೀಲಿಮಣೆಯ ಶಾರ್ಟ್‌ಕಟ್ಟುಗಳನ್ನು ಬಾಯಿಪಾಠ ಮಾಡುವುದು, ನಾಲ್ಕನ್ನು ಅರೆಬರೆ ಕಲಿಯುವುದಕ್ಕಿಂತ ಮೇಲು.

ಪ್ಲಗಿನ್‌ಗಳ ವಿಷಯ ಹೀಗೆ ಬೇಗ ಮುಗಿಯುವುದಿಲ್ಲ, ಏಕೆಂದರೆ ಧ್ವನಿ ನಿಜವಾಗಿ ಬದಲಾಗುವುದು ಅಲ್ಲಿ. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಎಂಬ ಮಾದರಿಯನ್ನು ಹೊರತಂದಿತು. ಯಾರೋ ಬರೆದ ಒಂದು ಪುಟ್ಟ ತಂತ್ರಾಂಶವನ್ನು ಇನ್ನೊಬ್ಬರ ದೊಡ್ಡ ತಂತ್ರಾಂಶದೊಳಗೆ ಸಿಕ್ಕಿಸಬಹುದಾದದ್ದು ಮನೆಯವರ ಮಟ್ಟಿಗೆ ಅಲ್ಲಿಂದಲೇ. ಇಂದು ಸರ್ಜ್ ಎಕ್ಸ್‌ಟಿ, ಡೆಕ್ಸ್ಡ್ ಮೊದಲಾದ ಮುಕ್ತ ಪ್ಲಗಿನ್‌ಗಳೇ ದುಡ್ಡಿನ ವಾದ್ಯಗಳಿಗೆ ಸಾಟಿಯಾಗಿ ನಿಂತಿವೆ. ಡೆಕ್ಸ್ಡ್ ಅನುಕರಿಸುವುದು ಯಮಾಹಾದ 1983ರ ಡಿಎಕ್ಸ್7 ಕೀಬೋರ್ಡನ್ನು. ಆ ಕೀಬೋರ್ಡಿನ ಗಂಟೆಯಂಥ ನಾದದ ಹಿಂದಿದ್ದದ್ದು ಜಾನ್ ಚೌನಿಂಗ್ 1973ರಲ್ಲಿ ಪ್ರಕಟಿಸಿದ, ಒಂದು ಅಲೆಯ ಆವರ್ತವನ್ನು ಇನ್ನೊಂದು ಅಲೆಯಿಂದ ಅಲುಗಿಸುವ ಲೆಕ್ಕ. ಇಂಥ ಲೆಕ್ಕದ ವಾದ್ಯಗಳು ಕೆಲವೇ ಎಂಬಿ ಗಾತ್ರದವು. ಇನ್ನೊಂದು ಜಾತಿ ಸ್ಯಾಂಪಲ್ ವಾದ್ಯಗಳದ್ದು, ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ ಕೂಡಿಟ್ಟ ಕಣಜ. ದೊಡ್ಡ ವಾದ್ಯಮೇಳದ್ದಾದರೆ ಹತ್ತಾರು ಜಿಬಿ. ನಮ್ಮ ನೆಟ್ಟಿನಲ್ಲಿ ಅಷ್ಟನ್ನು ಇಳಿಸಿಕೊಳ್ಳುವವರು ಹಾರ್ಡ್‌ಡಿಸ್ಕ್ ಹಿಡಿದು ಮಡಿಕೇರಿಯಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಮನೆಗೆ ಹೋಗುವುದು ಒಳ್ಳೆಯದು.

ಆದರೆ ನೂರು ಜಿಬಿಯ ಕಣಜದಲ್ಲೂ ದುಡಿ ಇರುವುದಿಲ್ಲ. ನಾಲ್ವರು ದುಡಿ ಹಿಡಿದು ಬಾರಿಸುತ್ತ ಹಾಡುವ ಕೊಡವರ ಬಾಳೊಪಾಟ್ ಕೇಳಿದವರಿಗೆ ಆ ನಾದದ ಬಿಗಿ ಗೊತ್ತು. ಕಳೆದ ವರ್ಷ ನೆರೆಮನೆಯ ಹಿರಿಯರೊಬ್ಬರ ದುಡಿಯನ್ನು ನಾನು ರೆಕಾರ್ಡ್ ಮಾಡಿಕೊಂಡೆ. ಒಂದೇ ಪೆಟ್ಟನ್ನು ಹಿಡಿದು ಮತ್ತೆ ಮತ್ತೆ ನುಡಿಸಿದರೆ ಅದು ಬಂದೂಕಿನ ಹಾಗೆ ಕೇಳುತ್ತದೆ, ಏಕೆಂದರೆ ಕೈಯಿಂದ ಬೀಳುವ ಯಾವ ಎರಡು ಪೆಟ್ಟೂ ತದ್ರೂಪವಲ್ಲ, ಕಿವಿ ಆ ತದ್ರೂಪನ್ನು ಕೂಡಲೇ ಗುರುತಿಸುತ್ತದೆ. ಆದ್ದರಿಂದ ಮೆಲ್ಲಗೆ, ಹದವಾಗಿ, ಜೋರಾಗಿ ಎಂದು ಮೂರು ಬಲಗಳಲ್ಲಿ, ಒಂದೊಂದರಲ್ಲೂ ಆರಾರು ಪೆಟ್ಟು ಹಿಡಿದು, ಸರದಿಯ ಪ್ರಕಾರ ಬರುವಂತೆ ಡೀಸೆಂಟ್ ಸ್ಯಾಂಪ್ಲರ್ ಎಂಬ ಉಚಿತ ಪ್ಲಗಿನ್‌ನಲ್ಲಿ ಜೋಡಿಸಿದೆ. ಆಮೇಲೆ ನಾಲ್ಕು ದುಡಿಗಳ ಪೆಟ್ಟುಗಳನ್ನು ತಂತ್ರಾಂಶದ ತಾಳದ ಗೆರೆಗಳಿಗೆ ಸರಿಯಾಗಿ ಕೂರಿಸಿದಾಗ ನಾಲ್ಕೂ ಸೇರಿ ಒಂದೇ ದಪ್ಪ ದುಡಿಯಾಯಿತು. ಒಂದೊಂದನ್ನು ಐದಾರರಿಂದ ಹದಿನೈದು ಮಿಲಿಸೆಕೆಂಡಿನಷ್ಟು ಹಿಂದೆಮುಂದೆ ಸರಿಸಿದ ಮೇಲೆಯೇ ನಾಲ್ವರು ಕುಳಿತಂತೆ ಕೇಳಿದ್ದು. ಹಿರಿಯರಿಗೆ ಕೇಳಿಸಿದಾಗ, ‘ಇದು ಸರಿ ಮಾರಾಯ, ಮೊದಲಿನದು ಮಿಲ್ಲಿನ ಸದ್ದು’ ಎಂದರು.

ಮಿಲಿಸೆಕೆಂಡಿನ ಮಾತು ಬಂದದ್ದರಿಂದ ಲೇಟೆನ್ಸಿಯನ್ನೂ, ಅಂದರೆ ಹಾಡಿದ್ದು ಕಂಪ್ಯೂಟರಿನ ಮೂಲಕ ಕಿವಿಗೆ ಮರಳುವಷ್ಟರಲ್ಲಿ ಆಗುವ ತಡವನ್ನೂ, ಹೇಳಿಬಿಡಬೇಕು. ಕಂಪ್ಯೂಟರ್ ಧ್ವನಿಯನ್ನು ಒಂದೊಂದೇ ಅಳತೆಯಾಗಿ ಅಲ್ಲ, ಬುಟ್ಟಿಬುಟ್ಟಿಯಾಗಿ ಸಾಗಿಸುತ್ತದೆ. ಆ ಬುಟ್ಟಿಯೇ ಬಫರ್. 48,000ದ ವೇಗದಲ್ಲಿ 256 ಅಳತೆಗಳ ಬುಟ್ಟಿ ತುಂಬಲು 5.3 ಮಿಲಿಸೆಕೆಂಡು, 1,024ರದ್ದಕ್ಕೆ 21.3 ಮಿಲಿಸೆಕೆಂಡು ಹಿಡಿಯುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ ಮೊದಲನೆಯದು ಎರಡು ಮೀಟರಿಗೂ ಕಡಿಮೆ ದೂರದಲ್ಲಿ ಕುಳಿತ ಜೊತೆಗಾರನ ಹಾಗೆ, ಎರಡನೆಯದು ಏಳು ಮೀಟರಿಗೂ ಹೆಚ್ಚು ದೂರ ಅಂಗಳದ ಆಚೆ ನಿಂತವನ ಹಾಗೆ. ಹಾಡುವಾಗ ಸಣ್ಣ ಬಫರ್, ಮಿಕ್ಸ್ ಮಾಡುವಾಗ ದೊಡ್ಡದು ಎಂಬುದು ರೂಢಿ. ಇದನ್ನು ತಂತ್ರಾಂಶಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಇಂಟರ್‌ಫೇಸ್ ಮತ್ತು ಅದನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶ. ಹಣ ಸೀಮಿತವಾಗಿದ್ದರೆ ಅದು ಅಲ್ಲಿಗೆ ಹೋಗಲಿ ಎಂಬುದು ನನ್ನ ಮತ.

ಕೀಬೋರ್ಡಿನಲ್ಲಿ ಗಮಕ ಬರುವುದಿಲ್ಲ ಎಂಬ ದೂರಿಗೂ ಲೆಕ್ಕದಲ್ಲಿ ಉತ್ತರವಿದೆ. ಕೀಬೋರ್ಡು ಕಂಪ್ಯೂಟರಿಗೆ ಸ್ವರದ ಸೂಚನೆ ಕಳಿಸುವ, 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಕೀ ಒತ್ತಿದ ಬಲಕ್ಕೆ 128 ಮೆಟ್ಟಿಲುಗಳಷ್ಟೇ ಇದ್ದರೂ, ಸ್ವರವನ್ನು ಜಾರಿಸುವ ಚಕ್ರಕ್ಕೆ 16,384 ಮೆಟ್ಟಿಲುಗಳಿವೆ. ಅದು ಮೇಲೆ ಕೆಳಗೆ ಎರಡೆರಡು ಅರ್ಧಸ್ವರ ವ್ಯಾಪಿಸಿದರೆ ಒಂದು ಮೆಟ್ಟಿಲು ಅರ್ಧಸ್ವರದ ನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟು, ಯಾವ ಕಿವಿಗೂ ಎಟುಕದಷ್ಟು ನವಿರು. ಕೊರತೆ ಇರುವುದು ಕೈಯ ಅಭ್ಯಾಸದಲ್ಲಿ. ನಿಂತ ಸ್ವರದ ಶ್ರುತಿ ಮಾತ್ರ ಬೇರೆ ಪ್ರಶ್ನೆ: ತಂಬೂರಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ (ಅರ್ಧಸ್ವರದ ನೂರನೆಯ ಒಂದು ಪಾಲು ಒಂದು ಸೆಂಟ್) ದೂರದಲ್ಲಿದ್ದರೆ, ಕೀಬೋರ್ಡಿನದ್ದು 400 ಸೆಂಟ್. ಸರ್ಜ್ ಎಕ್ಸ್‌ಟಿಯಂಥ ವಾದ್ಯಗಳು ನಮ್ಮದೇ ಶ್ರುತಿಪಟ್ಟಿಯನ್ನು ಸ್ವೀಕರಿಸುತ್ತವೆ. ಭಾರತೀಯ ಸಂಗೀತ ಮಾಡುವವರು ಪ್ಲಗಿನ್ ಆರಿಸುವಾಗ ಹೊಳೆಯುವ ಗುಂಡಿಗಳಿಗಿಂತ ಮೊದಲು ಈ ಸೌಲಭ್ಯವಿದೆಯೇ ಎಂದು ನೋಡಬೇಕು.

ಗದ್ದಲ ತೆಗೆಯುವ ಪ್ಲಗಿನ್‌ಗಳ ಜಾಹೀರಾತು ನೋಡಿ ಮಳೆಗಾಲದಲ್ಲೂ ಹಾಡು ಹಿಡಿಯಬಹುದೆಂದು ಹೊರಟವರಿಗೆ ಒಂದು ಮಾತು. ಸಂಜೆಯ ಜೀರುಂಡೆಯ ಸದ್ದು ಕೆಲವು ಸಾವಿರ ಹರ್ಟ್ಸ್‌ಗಳ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಯಾವುದೇ ಉಚಿತ ಈಕ್ವಲೈಸರಿನಲ್ಲಿ ಆ ಪಟ್ಟಿಯನ್ನು ಕೆತ್ತಿ ತೆಗೆದರೆ ಹಾಡಿಗೆ ಹೆಚ್ಚು ನೋವಾಗುವುದಿಲ್ಲ. ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಹಾಗಲ್ಲ, ಅದು ಎಲ್ಲ ಆವರ್ತಗಳಲ್ಲೂ ಹರಡಿಕೊಂಡಿರುತ್ತದೆ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಗದ್ದಲದ ನಮೂನೆಯನ್ನು ಕಲಿತು ಅದನ್ನು ಕಳೆಯುವ ಹಳೆಯ ಬಗೆಯ ಪ್ಲಗಿನ್ ಫ್ಯಾನಿನ ಸದ್ದಿಗೆ ಸರಿ. ಮಳೆಗೆ ಹಾಕಿದರೆ ಹಾಡು ನೀರೊಳಗಿಂದ ಬಂದಂತೆ ಕೇಳುತ್ತದೆ. ಬಯಲಿನಲ್ಲಿ ಮೈಕಿಗೂ ಬಾಯಿಗೂ ಇರುವ ದೂರವನ್ನು ಅರ್ಧಕ್ಕಿಳಿಸಿದರೆ ಧ್ವನಿ 6 ಡೆಸಿಬೆಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ಕೋಣೆಯಲ್ಲಿ ಲಾಭ ತುಸು ಕಡಿಮೆಯಾದರೂ, ದಪ್ಪ ಕಂಬಳಿಯ ಮರೆಯಲ್ಲಿ ಡೈನಮಿಕ್ ಮೈಕನ್ನು ಬಾಯಿಗೆ ಹತ್ತಿರ ಹಿಡಿಯುವುದರ ಮುಂದೆ ಆ ಪ್ಲಗಿನ್ ನಿಲ್ಲದು.

ಕೊನೆಗೆ ರಿವರ್ಬ್, ಅಂದರೆ ಪ್ರತಿಧ್ವನಿಯ ಪ್ಲಗಿನ್. ಜನ ಹೆಚ್ಚು ದುಡ್ಡು ಸುರಿಯುವುದು ಇಲ್ಲಿಗೆ, ಮನೆಯಲ್ಲೇ ಮಾಡಿಕೊಳ್ಳಲು ಅತ್ಯಂತ ಸುಲಭವಾದದ್ದೂ ಇದೇ. ಒಂದು ಜಾಗದಲ್ಲಿ ಬಲೂನು ಒಡೆದು, ಅದರ ಸದ್ದು ಅಡಗುವವರೆಗೆ ರೆಕಾರ್ಡ್ ಮಾಡಿದರೆ ಆ ಜಾಗದ ಗುರುತೇ ಸಿಕ್ಕಂತೆ. ಹಾಡಿನ ಪ್ರತಿ ಅಳತೆಯನ್ನೂ ಒಂದು ಸಣ್ಣ ಬಲೂನೆಂದು ಭಾವಿಸಿ, ಪ್ರತಿಯೊಂದರ ಬಾಲಕ್ಕೂ ಆ ರೆಕಾರ್ಡಿಂಗನ್ನು ಅಂಟಿಸಿ ಎಲ್ಲವನ್ನೂ ಕೂಡುವುದೇ ಕನ್ವಲ್ಯೂಷನ್. ಎರಡು ಸೆಕೆಂಡಿನ ಬಾಲವೆಂದರೆ 96,000 ಅಳತೆಗಳು. ನೇರವಾಗಿ ಗುಣಿಸುತ್ತ ಹೋದರೆ ಸೆಕೆಂಡಿಗೆ 460 ಕೋಟಿ ಗುಣಾಕಾರ. ನನ್ನ ಹಳೆಯ ಲ್ಯಾಪ್‌ಟಾಪ್ ಅದನ್ನು ಬೆವರದೆ ಮಾಡುವುದು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಶೀಘ್ರ ಫೂರಿಯೇ ರೂಪಾಂತರದ ದಯೆಯಿಂದ. ಅಲೆಯನ್ನು ಆವರ್ತಗಳಾಗಿ ಬಿಡಿಸಿಕೊಂಡರೆ ಈ ಗುಣಾಕಾರದ ಬೆಟ್ಟ ಗುಡ್ಡವಾಗುತ್ತದೆ. ಬಲೂನಿನ ಸದ್ದಿನಲ್ಲಿ ಎಲ್ಲ ಆವರ್ತಗಳೂ ಸಮನಾಗಿರುವುದಿಲ್ಲ; ತಗ್ಗಿನಿಂದ ಎತ್ತರಕ್ಕೆ ಏರುವ ಶಿಳ್ಳೆಯನ್ನು ಸ್ಪೀಕರಿನಲ್ಲಿ ನುಡಿಸಿ ಲೆಕ್ಕ ಹಾಕುವ ವಿಧಾನವನ್ನು 2000ದಲ್ಲಿ ಆಂಜೆಲೊ ಫರೀನಾ ಕೊಟ್ಟರು, ಅದು ಹೆಚ್ಚು ನಿಖರ. ನನಗೆ ಬಲೂನೇ ಸಾಕಾಯಿತು.

ಸೆಪ್ಟೆಂಬರಿನಲ್ಲಿ ಪಕ್ಕದ ತೋಟದ ಕಾಫಿ ಗೋದಾಮು ಖಾಲಿ ಇದ್ದಾಗ ಬೀಗದ ಕೈ ಕೇಳಿದೆ. ಬಲೂನು ಒಡೆಯಲಿಕ್ಕೆ ಎಂದಾಗ ತೋಟದವರು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಕೊಟ್ಟರು. ಸಿಮೆಂಟ್ ನೆಲ, ಬೋಳು ಗೋಡೆ, ಮೇಲೆ ಶೀಟು. ಪ್ರತಿಧ್ವನಿ ಎರಡು ಸೆಕೆಂಡಿನ ಹತ್ತಿರ ನಿಂತಿತು. ಆ ಫೈಲಿನಲ್ಲಿ ದುಡಿಯನ್ನು ಕೂರಿಸಿದಾಗ, ಕೊಂಡ ಯಾವ ರಿವರ್ಬಿನಲ್ಲೂ ಸಿಗದಿದ್ದ ಒಂದು ಗಡಸುತನ ಬಂತು. ಜನವರಿಯಲ್ಲಿ ಕಾಫಿ ಕೊಯ್ದು ಒಣಗಿಸಿ ಚೀಲಗಳು ಸೂರಿನವರೆಗೆ ಏರಿದ ಮೇಲೆ ಕುತೂಹಲಕ್ಕೆಂದು ಇನ್ನೊಂದು ಬಲೂನು ಒಡೆದೆ. ಪಟ್ ಎಂದದ್ದು ಅಲ್ಲಿಗೇ ನಿಂತಿತು. ಸುಮಾರು 1895ರಿಂದ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ವಾಲೇಸ್ ಸೇಬಿನ್ ರಾತ್ರಿಯ ಹೊತ್ತು ರಂಗಮಂದಿರದ ಕುರ್ಚಿದಿಂಬುಗಳನ್ನು ಹೊರಿಸಿ ತಂದು, ಒಳಗಿಟ್ಟು ಹೊರಗಿಟ್ಟು ಪ್ರತಿಧ್ವನಿಯ ಕಾಲವನ್ನು ಅಳೆದದ್ದು ಇದನ್ನೇ: ಕೋಣೆಯ ಗಾತ್ರ ಹೆಚ್ಚಿದಷ್ಟೂ ಧ್ವನಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಅಡಗುತ್ತದೆ. ಅವರು ದಿಂಬು ಹೊರಿಸಿದರು, ನಮ್ಮಲ್ಲಿ ಆ ಕೆಲಸವನ್ನು ಗೋಣಿಚೀಲದ ಕಾಫಿ ಮಾಡಿತ್ತು. ಈಗ ‘ಗೋದಾಮು ಖಾಲಿ’, ‘ಗೋದಾಮು ಭರ್ತಿ’ ಎಂಬ ಎರಡು ಫೈಲುಗಳು ನನ್ನ ಲ್ಯಾಪ್‌ಟಾಪಿನಲ್ಲಿವೆ. ಮೊದಲನೆಯದನ್ನು ದುಡಿಗೆ, ಎರಡನೆಯದನ್ನು ನಾಟಕದ ಮಾತುಗಳಿಗೆ ಹಾಕುತ್ತೇನೆ.