ಒಂಬತ್ತು ತಿಂಗಳ ಮುಧೋಳ ಮರಿ ಯಾಕೆ ಅಷ್ಟು ತೆಳ್ಳಗೆ?

ಮುಧೋಳ ನಾಯಿ ಸಾಕಿದವರಿಗೆ, ಮರಿಗೆ ಎಂಟೊಂಬತ್ತು ತಿಂಗಳಾಗುವ ಹೊತ್ತಿಗೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ‘ಇದಕ್ಕೆ ಊಟ ಹಾಕ್ತೀರೋ ಇಲ್ವೋ?’ ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ಓಡುವಾಗ ಎದ್ದು ಕಾಣುವ ಪಕ್ಕೆಲುಬು. ಕೇಳಿ ಕೇಳಿ ಮನೆಯವರಿಗೂ ಅಳುಕು ಶುರುವಾಗುತ್ತದೆ. ಅನ್ನ ಜಾಸ್ತಿ, ಹಾಲು ಜಾಸ್ತಿ, ಮೇಲೆ ಒಂದು ಕ್ಯಾಲ್ಸಿಯಂ ಬಾಟಲಿ. ಎಲ್ಲವೂ ಪ್ರೀತಿಯಿಂದಲೇ. ಆದರೆ ಮೂಳೆ ಇನ್ನೂ ಬೆಳೆಯುತ್ತಿರುವ ನಾಯಿಗೆ ಈ ಪ್ರೀತಿ ಮುಂದೆ ಕೀಲುನೋವಾಗಿ ಕಾಡಬಹುದು.

ಮೊದಲು ತಳಿಯನ್ನು ನೋಡೋಣ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಈ ನಾಯಿ, ಬೇಟೆಯನ್ನು ಕಣ್ಣಿಂದ ಗುರುತಿಸಿ ಓಡಿ ಹಿಡಿಯುವ ಜಾತಿ. ಮುಧೋಳದ ಘೋರ್ಪಡೆ ಅರಸರು ಇದನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಇದರ ಚಿತ್ರದ ಅಂಚೆಚೀಟಿಯೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಬೆಳೆದ ಗಂಡು ನಾಯಿ ಸುಮಾರು 70 ಸೆಂಟಿಮೀಟರ್ ಎತ್ತರ ಇದ್ದರೂ ತೂಕ ಮಾತ್ರ 22ರಿಂದ 28 ಕಿಲೋ. ಅದಕ್ಕಿಂತ ನಾಲ್ಕೈದು ಇಂಚು ಗಿಡ್ಡ ಇರುವ ಲ್ಯಾಬ್ರಡಾರ್ 30 ಕಿಲೋ ದಾಟುತ್ತದೆ. ಅಂದರೆ ದೊಡ್ಡದಾದ ಮೇಲೂ ಇದು ತೆಳ್ಳಗಿನ ನಾಯಿಯೇ. ಹದಿಹರೆಯದಲ್ಲಿ ಇನ್ನೂ ತೆಳ್ಳಗೆ ಕಾಣುತ್ತದೆ, ಯಾಕೆಂದರೆ ಮೂಳೆ ಮೊದಲು ಉದ್ದವಾಗುತ್ತದೆ, ಮಾಂಸಖಂಡ ಆಮೇಲೆ ತುಂಬಿಕೊಳ್ಳುತ್ತದೆ. ಎತ್ತರ ಹೆಚ್ಚೂಕಡಿಮೆ ಒಂದು ವರ್ಷಕ್ಕೆ ಮುಗಿದರೂ ಎದೆ, ತೊಡೆ ತುಂಬಿಕೊಳ್ಳಲು ಒಂದೂವರೆ, ಎರಡು ವರ್ಷ ಬೇಕು.

ಹಾಗಾದರೆ ನಿಜವಾದ ಬಡಕಲುತನ ಯಾವುದು? ಕಣ್ಣಿಗಿಂತ ಕೈಯನ್ನು ನಂಬಿ. ಪಶುವೈದ್ಯರು ನಾಯಿಯ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ಸರಿ. ಅಂಗೈಯನ್ನು ಪಕ್ಕೆಲುಬಿನ ಮೇಲೆ ಹಗುರವಾಗಿ ಆಡಿಸಿ. ಒತ್ತದೆಯೇ ಒಂದೊಂದು ಎಲುಬೂ ಸಿಗಬೇಕು, ಮೇಲೆ ತೆಳುವಾದ ಪದರ ಇರಬೇಕು. ಮುಧೋಳದಂಥ ಓಟದ ನಾಯಿಗಳಲ್ಲಿ ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಗಾಬರಿ ಬೇಡ. ನೋಡಬೇಕಾದದ್ದು ಬೆನ್ನು ಮತ್ತು ತೊಡೆ. ಬೆನ್ನುಮೂಳೆಯ ಎರಡೂ ಬದಿ ಗಟ್ಟಿ ಮಾಂಸ ಇದ್ದು, ತೊಡೆ ದುಂಡಗಿದ್ದು, ಕೂದಲು ಹೊಳೆಯುತ್ತಿದ್ದು, ಮರಿ ದಿನವಿಡೀ ಆಟಕ್ಕೆ ಸಿದ್ಧವಾಗಿದ್ದರೆ ಅದು ಚೆನ್ನಾಗಿದೆ. ಬೆನ್ನುಮೂಳೆ ಗಂಟುಗಂಟಾಗಿ ಎದ್ದು, ತೊಡೆ ಚಪ್ಪಟೆಯಾಗಿದ್ದರೆ ಆ ಮಾತು ಬೇರೆ. ಆಗಲೂ ಬಟ್ಟಲು ತುಂಬಿಸುವ ಮೊದಲು ಡಾಕ್ಟರ ಹತ್ತಿರ ಹೋಗಿ. ಜಂತುಹುಳ ಇರಬಹುದು. ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳದಿಂದ ಬರುವ ಜ್ವರ ಇರಬಹುದು, ನಮ್ಮ ಕಡೆ ಅದು ತುಂಬ ಸಾಮಾನ್ಯ. ಚೆನ್ನಾಗಿ ತಿಂದರೂ ತೂಕ ಇಳಿಯುತ್ತಾ ಸಗಣಿಯಂತೆ ಮೆತ್ತಗೆ, ರಾಶಿಯಾಗಿ ಹೇಲುತ್ತಿದ್ದರೆ ಮೇದೋಜೀರಕ ಗ್ರಂಥಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಇವುಗಳಲ್ಲಿ ಯಾವುದೂ ಬರೀ ಅನ್ನ ಜಾಸ್ತಿ ಹಾಕಿದರೆ ವಾಸಿಯಾಗುವುದಿಲ್ಲ.

ತೆಳ್ಳಗೆ ಬೆಳೆದರೆ ಏನು ಲಾಭ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದಲ್ಲಿ ನಾಯಿ ಆಹಾರ ತಯಾರಿಸುವ ಪ್ಯೂರಿನಾ ಕಂಪನಿಯ ಸಂಶೋಧಕರು 48 ಲ್ಯಾಬ್ರಡಾರ್ ಮರಿಗಳನ್ನು ಎಂಟು ವಾರದ ವಯಸ್ಸಿನಿಂದ ಸಾಯುವವರೆಗೂ ಗಮನಿಸಿದರು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದಕ್ಕಿಂತ ಇನ್ನೊಂದಕ್ಕೆ 25 ಶೇಕಡ ಕಡಿಮೆ ಹಾಕಿದರು. ಊಟ ಒಂದೇ, ಅಳತೆ ಮಾತ್ರ ಬೇರೆ. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಮ ಆಯುಷ್ಯ 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಸೊಂಟದ ಕೀಲು ಸಡಿಲವಾಗುವ ತೊಂದರೆಯೂ ಕಡಿಮೆ ತಿಂದವುಗಳಲ್ಲಿ ಕಡಿಮೆ ಇತ್ತು, ಸಂಧಿವಾತ ತಡವಾಗಿ ಬಂತು. ಆ ನಾಯಿಗಳೇನೂ ಹಸಿದುಕೊಂಡು ಬದುಕಿದ್ದಲ್ಲ. ಅವುಗಳ ಮೈಕಟ್ಟಿನ ಸರಾಸರಿ ಅಂಕ 4.6, ಅಂದರೆ ಸರಿಯಾದ ಅಳತೆಯೇ. ಇನ್ನೊಂದು ಗುಂಪು 6.7ಕ್ಕೆ ಏರಿ ದಪ್ಪಗಾಗಿತ್ತು.

ಇದರ ಕಾರಣ ಮೂಳೆಯ ತುದಿಯಲ್ಲಿದೆ. ಕಾಲಿನ ಉದ್ದ ಮೂಳೆಗಳ ಎರಡೂ ತುದಿಯ ಹತ್ತಿರ ಮೃದು ಎಲುಬಿನ ತೆಳು ಪದರ ಇರುತ್ತದೆ. ಗ್ರೋತ್ ಪ್ಲೇಟ್ ಅನ್ನುವುದು ಇದನ್ನೇ. ಮೂಳೆ ಉದ್ದವಾಗುವುದು ಇಲ್ಲಿಂದಲೇ. ಗಟ್ಟಿಯಾಗುವ ತನಕ ಇದು ಇಡೀ ಅಸ್ಥಿಪಂಜರದ ಅತ್ಯಂತ ನಾಜೂಕಿನ ಜಾಗ. ಮರಿ ಬೇಗ ತೂಕ ಏರಿಸಿಕೊಂಡರೆ ಗಟ್ಟಿಯಾಗದ ಈ ಪದರದ ಮೇಲೂ ಕೀಲುಗಳ ಮೇಲೂ ಭಾರ ಬೀಳುತ್ತದೆ. ಜಾಸ್ತಿ ಹಾಕಿದರೆ ನಾಯಿ ಹೆಚ್ಚು ಎತ್ತರವೂ ಆಗುವುದಿಲ್ಲ. ಅದು ತಂದೆ ತಾಯಿಯಿಂದ ಬಂದದ್ದು. ಬೇಗ ತಲುಪುತ್ತದೆ, ಅಷ್ಟೇ.

ಇನ್ನು ಕ್ಯಾಲ್ಸಿಯಂ. ಇಲ್ಲಿ ನಮ್ಮ ಮನೆಗಳಲ್ಲಿ ಎರಡು ಕಡೆಯಿಂದಲೂ ತಪ್ಪಾಗುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹೇಜ಼ವಿಂಕೆಲ್ ಮತ್ತು ಜೊತೆಗಾರರು ಗ್ರೇಟ್ ಡೇನ್ ಮರಿಗಳ ಮೇಲೆ ಪ್ರಯೋಗ ಮಾಡಿದರು. ಚಿಕ್ಕ ಮರಿಗಳ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡ ಅನ್ನುವ ಶಕ್ತಿ ಕಡಿಮೆ ಎಂದು ಗೊತ್ತಾಯಿತು. ಕೊಟ್ಟಷ್ಟೂ ಒಳಗೆ ಹೋಗುತ್ತದೆ. ಅತಿಯಾದ ಕ್ಯಾಲ್ಸಿಯಂ ತಿಂದ ಮರಿಗಳ ಮೂಳೆ, ಕೀಲು ಸರಿಯಾಗಿ ರೂಪುಗೊಳ್ಳಲಿಲ್ಲ. ಹಾಗಾಗಿ ಮರಿಗಳಿಗೆಂದೇ ತಯಾರಾದ ಪ್ಯಾಕೆಟ್ ಆಹಾರ ಕೊಡುತ್ತಿದ್ದರೆ, ಮೇಲೆ ಕ್ಯಾಲ್ಸಿಯಂ ಸಿರಪ್ ಹಾಕಲೇಬೇಡಿ. ಅದರಲ್ಲಿ ಬೇಕಾದಷ್ಟು ಮೊದಲೇ ಇರುತ್ತದೆ.

ಅನ್ನ, ಕೋಳಿ ಬೇಯಿಸಿ ಹಾಕುವವರ ಮನೆಯಲ್ಲಿ ಕಥೆ ಪೂರ್ತಿ ಉಲ್ಟಾ. 15 ಕಿಲೋ ತೂಗುವ, ಇನ್ನೂ ಬೆಳೆಯುತ್ತಿರುವ ಮರಿಗೆ ದಿನಕ್ಕೆ ಸುಮಾರು 1050 ಕಿಲೋಕ್ಯಾಲೊರಿ ಬೇಕು. ಅದರ ಜೊತೆ 3 ಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು. ಎಲುಬಿಲ್ಲದ ಕೋಳಿಮಾಂಸ 100 ಗ್ರಾಂ ಹಾಕಿದರೆ ಸಿಗುವುದು ಹತ್ತು ಹದಿನೈದು ಮಿಲಿಗ್ರಾಂ. ಅಕ್ಕಿಯದೂ ಅದೇ ಪಾಡು. ಕ್ಯಾಲ್ಸಿಯಂಗೆ ಹೆಸರಾದ ನಮ್ಮ ರಾಗಿಯಲ್ಲೂ 100 ಗ್ರಾಂಗೆ 350 ಮಿಲಿಗ್ರಾಂ ಹತ್ತಿರ, ಅದರಲ್ಲೂ ಪೂರ್ತಿ ಮೈಗೆ ಹತ್ತುವುದಿಲ್ಲ. ಒಂದು ಲೀಟರ್ ಹಸುವಿನ ಹಾಲಲ್ಲಿ 1.2 ಗ್ರಾಂ. ಲೆಕ್ಕ ಹಾಕಿ ನೋಡಿ, ಎಲ್ಲಿಗೂ ಮುಟ್ಟುವುದಿಲ್ಲ ಅಲ್ವಾ? ಮಾಂಸದಲ್ಲಿ ರಂಜಕ ಮಾತ್ರ ಧಾರಾಳ. ಕ್ಯಾಲ್ಸಿಯಂ ಕಡಿಮೆ, ರಂಜಕ ಜಾಸ್ತಿ ಆದಾಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುತ್ತದೆ. ಮೂಳೆ ತೆಳುವಾಗುತ್ತದೆ, ಕಾಲು ಬಾಗುತ್ತದೆ, ಸಣ್ಣ ಜಿಗಿತಕ್ಕೂ ಮುರಿಯಬಹುದು. ಮನೆಯೂಟವೇ ಕೊಡುತ್ತೇನೆ ಅನ್ನುವವರು ಮೊಟ್ಟೆಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಬಳಸಬಹುದು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಎಷ್ಟು ಹಾಕಬೇಕು ಅನ್ನುವುದನ್ನು ಮರಿಯ ತೂಕ, ಊಟ ನೋಡಿ ಡಾಕ್ಟರೇ ಹೇಳಲಿ.

ಪ್ರೋಟೀನ್ ಬಗ್ಗೆ ಹೆದರಿಕೆ ಬೇಡ. ಹೆಚ್ಚು ಪ್ರೋಟೀನ್ ಮೂಳೆ ಕೆಡಿಸುತ್ತದೆ ಅನ್ನುವ ಮಾತನ್ನು ಅದೇ ಉಟ್ರೆಕ್ಟಿನವರು ಪರೀಕ್ಷಿಸಿದ್ದರು, ಹಾಗೇನೂ ಕಾಣಲಿಲ್ಲ. ಜೋಳದ ರೊಟ್ಟಿ, ಹಾಲಿನ ಜೊತೆ ಮೊಟ್ಟೆ, ಮಾಂಸವೂ ಇರಲಿ. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಬೇಯಿಸಿದ ಎಲುಬು ಬೇಡ. ಆರು ತಿಂಗಳಾದ ಮೇಲೆ ದಿನಕ್ಕೆ ಎರಡು ಹೊತ್ತು ಸಾಕು. ಅಳೆದು ಹಾಕಿ, ಎರಡು ವಾರಕ್ಕೊಮ್ಮೆ ತೂಗಿ. ಹೆಚ್ಚು ಕಡಿಮೆ ಮಾಡಬೇಕಾದರೆ ಹತ್ತು ಶೇಕಡದಷ್ಟೇ ಮಾಡಿ, ಆಮೇಲೆ ಮತ್ತೆ ಪಕ್ಕೆಲುಬು ಮುಟ್ಟಿ ನೋಡಿ.

ಊಟ ಮೈಯನ್ನು ಕಟ್ಟುವುದು ಓಟದ ಜೊತೆಗೇ. ಮರಿಯನ್ನು ಅದರ ವಯಸ್ಸಿನ ಒಂದೊಂದು ತಿಂಗಳಿಗೆ ಐದು ನಿಮಿಷದ ಲೆಕ್ಕದಲ್ಲಿ ಮಾತ್ರ ನಡೆಸಬೇಕು ಅನ್ನುವ ಮಾತೊಂದು ಎಲ್ಲ ಕಡೆ ಓಡಾಡುತ್ತದೆ. ನಿಮಿಷಕ್ಕಿಂತ ನೆಲ ಯಾವುದು, ಓಟ ಯಾರ ಇಷ್ಟದ್ದು ಅನ್ನುವುದು ಮುಖ್ಯ ಅಂತ ನನಗನ್ನಿಸುತ್ತದೆ. ನಾರ್ವೆಯಲ್ಲಿ ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್‌ನಂಥ ನಾಲ್ಕು ದೊಡ್ಡ ತಳಿಗಳ ಮರಿಗಳನ್ನು ಗಮನಿಸಿದಾಗ, ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದವುಗಳಲ್ಲಿ ಸೊಂಟದ ಕೀಲಿನ ತೊಂದರೆ ಹೆಚ್ಚಿತ್ತು. ಮೆತ್ತಗಿನ, ಏರುತಗ್ಗಿನ ನೆಲದಲ್ಲಿ ಹಗ್ಗವಿಲ್ಲದೆ ಓಡಾಡಿದವುಗಳಲ್ಲಿ ಕಡಿಮೆ ಇತ್ತು. ಮುಧೋಳ ಮರಿಯ ಸ್ವಭಾವಕ್ಕೂ ಇದೇ ಹೊಂದುತ್ತದೆ. ಅದು ಜೋರಾಗಿ ನಾಲ್ಕು ಸುತ್ತು ಓಡುತ್ತದೆ, ನಿಂತು ಮೂಸುತ್ತದೆ, ಮತ್ತೆ ಓಡುತ್ತದೆ, ಸಾಕೆನಿಸಿದಾಗ ಮಲಗುತ್ತದೆ. ಬೇಲಿ ಇರುವ ಹೊಲ, ಗೋಡೆ ಇರುವ ಮೈದಾನ ಸಿಕ್ಕರೆ ಬಿಟ್ಟುಬಿಡಿ. ಬೇಲಿ ಇಲ್ಲದಿದ್ದರೆ ಬೇಡ, ಓಡುವ ಮೊಲವೋ ಬೆಕ್ಕೋ ಕಂಡರೆ ನಿಮ್ಮ ಕೂಗು ಅದಕ್ಕೆ ಕೇಳುವುದಿಲ್ಲ. ಡಾಂಬರು ರಸ್ತೆಯಲ್ಲಿ ಸ್ಕೂಟರಿಗೆ ಕಟ್ಟಿ ಓಡಿಸುವುದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಅಲ್ಲಿ ನಿಲ್ಲುವ ಹಕ್ಕು ಮರಿಗಿಲ್ಲ. ಕಾಂಪೌಂಡಿನಿಂದ ಜಿಗಿತ, ನುಣುಪು ಟೈಲ್ಸ್ ಮೇಲೆ ಚೆಂಡಿನಾಟ, ಇವೂ ಕೆಟ್ಟವೇ. ಬಿಸಿಲೇರುವ ಮೊದಲೇ ಹೊರಡಿ. ಊಟ ಆದ ಮೇಲೆ ಒಂದೆರಡು ಗಂಟೆ ಓಟ ಬೇಡ, ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ.

ಈ ವಯಸ್ಸಲ್ಲಿ ಕೆಲವು ನಾಯಿಗಳು ಇವತ್ತು ಒಂದು ಕಾಲು, ಮುಂದಿನ ವಾರ ಇನ್ನೊಂದು ಕಾಲು ಅನ್ನುವಂತೆ ಕುಂಟುತ್ತವೆ. ಬೆಳೆಯುವ ಮೂಳೆಯೊಳಗಿನ ಉರಿಯೂತದಿಂದ ಹೀಗಾಗಬಹುದು, ಹೆಚ್ಚಿನವು ತಾವಾಗಿ ವಾಸಿಯಾಗುತ್ತವೆ. ಆದರೂ ಎರಡು ದಿನ ದಾಟಿದರೆ ತೋರಿಸಿ, ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಎಕ್ಸ್‌ರೇ ತೆಗೆದಾಗ ಗ್ರೋತ್ ಪ್ಲೇಟ್ ಕಪ್ಪು ಗೆರೆಯಾಗಿ ಕಾಣುತ್ತದೆ. ಈ ಗಾತ್ರದ ನಾಯಿಗಳಲ್ಲಿ ಸಾಮಾನ್ಯವಾಗಿ ಒಂದು, ಒಂದೂಕಾಲು ವರ್ಷಕ್ಕೆ ಆ ಗೆರೆ ಮಾಯವಾಗುತ್ತದೆ. ಮುಂಜಾನೆಯ ಜಾಗಿಂಗಿಗೆ ಅದನ್ನು ಜೊತೆಗೆ ಕರೆದುಕೊಂಡು ಹೋಗುವ ಆಸೆ ಇದ್ದರೆ, ಅಲ್ಲಿಂದ ಶುರು ಮಾಡಿ. ಮೊದಲ ವಾರ ಮಣ್ಣಿನ ದಾರಿಯಲ್ಲಿ ಹತ್ತು ನಿಮಿಷ ಸಾಕು.