ಕಂಚಿ ಗೆದ್ದವನ ಗುಡಿ, ಅದನ್ನು ಕಟ್ಟಿದವರ ಹೆಸರು

ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷನ ಗುಡಿ ಮುಂದೆ ನಿಂತು ಮೊದಲು ಶಿಖರ ನೋಡುತ್ತಾರೆ. ಶಾಸನ ಓದುವುದೇ ನನ್ನ ಕೆಲಸ, ಹಾಗಾಗಿ ನಾನು ಹೇಳುವುದು ಬೇರೆ. ಪೂರ್ವದ ಹೆಬ್ಬಾಗಿಲ ಹತ್ತಿರ ಸ್ವಲ್ಪ ನಿಲ್ಲಿ. ಈ ಗುಡಿ ಯಾಕೆ ಎದ್ದಿತು, ಯಾರು ಕಟ್ಟಿದರು ಅನ್ನುವುದು ಅಲ್ಲಿ ಕಲ್ಲಿನ ಮೇಲೇ ಇದೆ. ಅದೂ ಕನ್ನಡದಲ್ಲಿ.

ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ (ಆಳ್ವಿಕೆ 733ರಿಂದ 744) ಪಲ್ಲವರ ಕಂಚಿಯನ್ನು ಮೂರು ಸಲ ಗೆದ್ದ. ಅದರ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಈ ಗುಡಿ ಕಟ್ಟಿಸಿದಳು. ಆಗ ಇಲ್ಲಿನ ದೇವರು ಲೋಕೇಶ್ವರ. ಅವಳ ತಂಗಿ ತ್ರೈಲೋಕ್ಯಮಹಾದೇವಿಯೂ ಅದೇ ರಾಜನ ರಾಣಿ. ಅವಳು ಕಟ್ಟಿಸಿದ್ದು ಪಕ್ಕದ ಮಲ್ಲಿಕಾರ್ಜುನ ಗುಡಿ. ಇಷ್ಟನ್ನು ಯಾವ ಗೈಡ್ ಆದರೂ ಹೇಳುತ್ತಾರೆ.

ಬಿಟ್ಟುಹೋಗುವುದು ಗುಂಡನ ಹೆಸರು. ಗುಂಡ ಅನಿವಾರಿತಾಚಾರಿ ಈ ಗುಡಿಯ ಸೂತ್ರಧಾರಿ, ಅಂದರೆ ಇಡೀ ಕೆಲಸದ ಮುಖ್ಯಸ್ಥ. ಅವನಿಗೆ ‘ತ್ರಿಭುವನಾಚಾರಿ’ ಅನ್ನುವ ಬಿರುದು ಸಿಕ್ಕಿತು. ಸರ್ವಸಿದ್ಧಿ ಆಚಾರಿಯನ್ನು ಹೊಗಳುವ ಶಾಸನವೂ ಇಲ್ಲಿದೆ. ತೆಂಕಣ ನಾಡಿನ ಸೂತ್ರಧಾರಿ, ಊರು ಮನೆಗಳನ್ನು ಕಟ್ಟಿದವನು. ಅರಮನೆ, ವಾಹನ, ಪೀಠ, ಮಂಚಗಳೇ ಅವನ ಕಿರೀಟದ ಮಣಿಗಳಂತೆ! ಇಬ್ಬರೂ ಒಬ್ಬರೇನಾ ಎಂದು ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಾರೆ. ನನಗಂತೂ ಆ ಮಂಚದ ಮಾತೇ ಇಷ್ಟ. ಗುಡಿ ಕಟ್ಟುವವನು ಮರಗೆಲಸವನ್ನೂ ಬಲ್ಲವನಾಗಿದ್ದ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಕೆಲವು ಶಿಲ್ಪಗಳ ಹತ್ತಿರ ಬಲದೇವ, ಚೆಂಗಮ್ಮ ಅಂತ ಕೆತ್ತಿದವರ ಹೆಸರೂ ಇವೆ. ಇನ್ನೊಂದು ಬರಹ ಹಾಡುವವರ ಬಗ್ಗೆ. ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಅವರಿಗೆ ಕೊಟ್ಟಿದ್ದ ದತ್ತಿಯನ್ನು ಲೋಕಮಹಾದೇವಿ ಹಾಗೇ ಉಳಿಸಿದಳು. ಯುದ್ಧದ ನೆನಪಿಗೆ ಎದ್ದ ಗುಡಿಯಲ್ಲಿ ರಾಜನ ಜೊತೆಗೆ ಇಷ್ಟು ಜನಕ್ಕೆ ಜಾಗ ಸಿಕ್ಕಿದೆ.

ಇದು ಕಂಚಿಯ ಕೈಲಾಸನಾಥದ ನಕಲು ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ವಿಕ್ರಮಾದಿತ್ಯ ಆ ಗುಡಿಯನ್ನು ಕಂಡು ಮೆಚ್ಚಿದ್ದು ನಿಜ. ಅದರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ ಎಂದು ಅಲ್ಲಿನ ಕಂಬವೊಂದರ ಮೇಲೆ ಕನ್ನಡದಲ್ಲೇ ಬರೆಸಿದ್ದಾನೆ. ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರದಲ್ಲಿ ಕಂಚಿಯ ಛಾಯೆಯೂ ಇದೆ. ಆದರೆ ಶಿಖರದ ಮುಂದಕ್ಕೆ ಚಾಚಿದ ಶುಕನಾಸಿ ಕಂಚಿಯಲ್ಲಿ ಎಲ್ಲಿದೆ? ಗರ್ಭಗುಡಿಗೆ ಸೇರಿಕೊಂಡೇ ಇರುವ ದೊಡ್ಡ ಮಂಟಪ, ಗೋಡೆಯ ಜಾಲಂದ್ರಗಳು, ಕಂಬಗಳ ಮೇಲಿನ ರಾಮಾಯಣ, ಎಲ್ಲ ಮಲಪ್ರಭೆಯ ದಂಡೆಯಲ್ಲಿ ಪಳಗಿದ ಕೈಗಳ ಕೆಲಸ. ರಾವಣನ ಮೇಲೆ ಎರಗುವ ಜಟಾಯುವನ್ನು ನೋಡದೆ ಬರಬೇಡಿ. ಮುಂದೆ ರಾಷ್ಟ್ರಕೂಟರು ಎಲ್ಲೋರದ ಕೈಲಾಸ ಗುಡಿಯನ್ನು ಬಂಡೆಯಲ್ಲಿ ಕೊರೆಸಿದಾಗ ಇದರ ನಕ್ಷೆಯೂ ಕಣ್ಮುಂದೆ ಇತ್ತು ಎಂದು ಬಹಳ ಜನ ನಂಬುತ್ತಾರೆ.

ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ವಿರೂಪಾಕ್ಷನಿಗೆ ಈಗಲೂ ಪೂಜೆ ನಡೆಯುತ್ತದೆ.

ಅಕ್ಷರ ನೋಡುವ ಉಪಾಯ ಹೇಳಿಬಿಡುತ್ತೇನೆ. ನೆತ್ತಿಯ ಬಿಸಿಲಿನಲ್ಲಿ ಸವೆದ ಗೆರೆ ಕಾಣುವುದಿಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತು ನೋಡಿ, ಇಲ್ಲವೇ ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಗೆರೆಯೊಳಗೆ ನೆರಳು ನಿಂತು ಅಕ್ಷರ ಎದ್ದು ಕಾಣುತ್ತದೆ. ಫೋಟೋ ಚೆನ್ನಾಗಿ ಬರಲಿ ಅಂತ ಹಿಟ್ಟು, ಸುಣ್ಣ, ಸೀಮೆಸುಣ್ಣ ಮಾತ್ರ ತಿಕ್ಕಬೇಡಿ. ಇದು ಮರಳುಗಲ್ಲು. ತಿಕ್ಕಿದಷ್ಟೂ ಕಣ ಕಣವಾಗಿ ಉದುರುತ್ತದೆ. ನಾವು ಪಡಿಯಚ್ಚು, ಅಂದರೆ ಶಾಸನದ ಅಚ್ಚನ್ನು ಕಾಗದದ ಮೇಲೆ, ತೆಗೆಯುವಾಗಲೂ ಒದ್ದೆ ಕಾಗದವನ್ನು ಬ್ರಷ್‌ನಿಂದ ಹದವಾಗಿ ತಟ್ಟಿ ಕೂರಿಸಿ, ಶಾಯಿಯನ್ನು ಕಾಗದಕ್ಕಷ್ಟೇ ಮುಟ್ಟಿಸುತ್ತೇವೆ. ಅದಕ್ಕೂ ಮೊದಲು ಪುರಾತತ್ವ ಇಲಾಖೆಯ ಅನುಮತಿ ಬೇಕು.