ಆ ಕವರಿನಲ್ಲಿರುವುದನ್ನು ಕೀಮೋ ಡಾಕ್ಟರಿಗೂ ತೋರಿಸಿ

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಬಂದರೆ ನಾನು ನಾಡಿ ನೋಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತೇನೆ. "ಇಲ್ಲಿಗೆ ಬಂದಿರೋದು ಅಲ್ಲಿನ ಡಾಕ್ಟರಿಗೆ ಗೊತ್ತಾ?" ರೋಗಿ ಪಕ್ಕದಲ್ಲಿ ಕೂತವರ ಮುಖ ನೋಡುತ್ತಾರೆ. ಆಮೇಲೆ ಮಗಳೋ ಮೈದುನನೋ ಬಾಯಿಬಿಡುತ್ತಾರೆ. "ಇಲ್ಲ ಡಾಕ್ಟ್ರೇ, ಹೇಳಿದ್ರೆ ಬೈತಾರೆ. ಹೇಗೂ ಆಯುರ್ವೇದ, ಸೈಡ್ ಎಫೆಕ್ಟ್ ಇಲ್ಲ ಅಲ್ವಾ?"

ಇದನ್ನು ಕೇಳಿ ಕೇಳಿ ಸಾಕಾಗಿದೆ.

ನಾನು ಗಡ್ಡೆ ಕರಗಿಸುವ ವೈದ್ಯನಲ್ಲ. ಕ್ಯಾನ್ಸರ್ ವಾಸಿ ಮಾಡುತ್ತೇನೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕೀಮೋ ಆದವರಿಗೆ ಊಟ ಸೇರಬೇಕು, ಹೊಟ್ಟೆ ತೊಳಸುವುದು ಕಡಿಮೆಯಾಗಬೇಕು, ನಿದ್ದೆ ಹತ್ತಬೇಕು. ರೇಡಿಯೇಶನ್ನಿಂದ ಬಾಯೆಲ್ಲ ಹುಣ್ಣಾದವರಿಗೆ ನಾಲ್ಕು ಚಮಚ ಗಂಜಿ ಇಳಿಯಬೇಕು. ನನ್ನ ಕೆಲಸ ಇಷ್ಟೇ, ಆದರೆ ನೋವು ತಿಂದವರಿಗೆ ಇದು ಸಣ್ಣದಲ್ಲ. ಶುಂಠಿಯನ್ನೇ ನೋಡಿ. ವಾಂತಿ ಮಾತ್ರೆಯ ಜೊತೆಗೆ ಶುಂಠಿ ಕೊಟ್ಟು ಅಮೆರಿಕದಲ್ಲಿ 576 ಜನರನ್ನು ಗಮನಿಸಿದ ವರದಿ 2012ರಲ್ಲಿ ಬಂತು. ಕೀಮೋ ದಿನದ ಹೊಟ್ಟೆ ತೊಳಸು ಕಡಿಮೆಯಾಗಿತ್ತು. ಹೆಚ್ಚು ಉಪಯೋಗವಾದದ್ದು ದಿನಕ್ಕೆ ಅರ್ಧದಿಂದ ಒಂದು ಗ್ರಾಂ ತಿಂದವರಿಗೆ. ಜಾಸ್ತಿ ತಿಂದವರಿಗೆ ಜಾಸ್ತಿ ಲಾಭವೇನೂ ಆಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಎಳೆದು ಹೇಳುತ್ತೇನೆ, ಸಹಿಸಿಕೊಳ್ಳಿ.

ಪ್ರತಿ ಕೀಮೋಗೆ ಮೊದಲು ರಕ್ತ ಪರೀಕ್ಷೆ ಇರುತ್ತದೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಲಿವರ್, ಕಿಡ್ನಿ. ಆ ಅಂಕಿ ನೋಡಿಯೇ ಡೋಸ್ ನಿರ್ಧಾರ. ಲಿವರಿನ ಸ್ಥಿತಿ ಹೇಳುವ ಎಸ್‌ಜಿಪಿಟಿ ಅಂಕಿ ಏರಿದ್ದರೆ ಡಾಕ್ಟರು ಏನೆಂದುಕೊಳ್ಳಬೇಕು? ತಾವು ಕೊಟ್ಟ ಕೀಮೋವನ್ನು ಲಿವರ್ ತಡೆದುಕೊಳ್ಳುತ್ತಿಲ್ಲ ಅಂತ. ಇಲ್ಲವೇ ಕಾಯಿಲೆಯೇ ಲಿವರಿಗೆ ಹರಡಿತೇನೋ ಅಂತ. ಡೋಸ್ ಇಳಿಸುತ್ತಾರೆ, ಅಥವಾ ಕೀಮೋ ಮುಂದೂಡುತ್ತಾರೆ, ಸ್ಕ್ಯಾನ್ ಬರೆಯುತ್ತಾರೆ. ಇತ್ತ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಲೋಟ ಅಮೃತಬಳ್ಳಿ ಕಷಾಯ ನಡೆದೇ ಇರುತ್ತದೆ.

ಅಮೃತಬಳ್ಳಿ ಒಳ್ಳೆಯ ಔಷಧ, ನಾನೂ ಬರೆಯುತ್ತೇನೆ. ಆದರೆ ಕೊರೊನಾ ಕಾಲದಲ್ಲಿ ಅದನ್ನು ಬಿಡದೆ ಸೇವಿಸಿದ ಕೆಲವರಿಗೆ ಲಿವರ್ ತೊಂದರೆಯಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ರೋಗಿಗಳು ತಿಂದ ಗಿಡ ಯಾವುದೆಂದೇ ಖಚಿತಪಡಿಸಿಕೊಂಡಿಲ್ಲ ಎಂದಿತು. ಆ ಜಗಳ ಇರಲಿ. ಅಂಕಿ ಏರಿದ್ದು ಕಷಾಯದಿಂದಲೋ ಕೀಮೋದಿಂದಲೋ ಎಂದು ತಿಳಿಯಬೇಕಾದರೆ, ಮನೆಯಲ್ಲಿ ಕಷಾಯ ನಡೆದಿದೆ ಎಂಬುದಾದರೂ ಡಾಕ್ಟರಿಗೆ ಗೊತ್ತಿರಬೇಕಲ್ಲ? ಗೊತ್ತಿಲ್ಲದಿದ್ದರೆ ಕಷಾಯ ಮಾಡಿದ ತಪ್ಪಿಗೆ ಕೀಮೋ ನಿಲ್ಲುತ್ತದೆ, ಕಷಾಯ ಮುಂದುವರಿಯುತ್ತದೆ!

ಅರಿಶಿನ ಮೆಣಸಿನ ಕತೆಯೂ ಇದೇ. ಎರಡನ್ನೂ ಸೇರಿಸಿ ತಿನ್ನಿ ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತಿನ ಹಿಂದೆ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಅಧ್ಯಯನವಿದೆ. ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಎರಡು ಗ್ರಾಂ, ಅದರ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು 20 ಪಟ್ಟಾಯಿತು ಎಂದು ಅವರು 1998ರಲ್ಲಿ ಪ್ರಕಟಿಸಿದರು. ನಿಜ. ಆದರೆ ಮೆಣಸು ಇದನ್ನು ಸಾಧಿಸುವುದು ಕರುಳು ಮತ್ತು ಲಿವರ್ ಔಷಧವನ್ನು ಒಡೆದು ಹೊರಹಾಕುವ ಕೆಲಸಕ್ಕೆ ಅಡ್ಡ ನಿಂತು. ಅರಿಶಿನಕ್ಕೆ ಮಾತ್ರ ಅಡ್ಡ ನಿಲ್ಲು, ಕೀಮೋ ಮಾತ್ರೆಯ ಸುದ್ದಿಗೆ ಹೋಗಬೇಡ ಎಂದು ಅದಕ್ಕೆ ಹೇಳುವವರು ಯಾರು? ಕೆಲವು ಔಷಧ ರಕ್ತದಲ್ಲಿ ಹೆಚ್ಚಾಗಬಹುದು. ಕೆಲವು ಉಲ್ಟಾ. ಸ್ತನ ಕ್ಯಾನ್ಸರಿನ ಟಾಮಾಕ್ಸಿಫೆನ್ ದೇಹದೊಳಗೆ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೇ ಹೆಚ್ಚಿನ ಕೆಲಸ ಮಾಡುವುದು. ಕರ್ಕ್ಯುಮಿನ್ ಮತ್ತು ಪೈಪರಿನ್ ಒಟ್ಟಿಗೆ ತೆಗೆದುಕೊಂಡವರಲ್ಲಿ ಈ ಎಂಡಾಕ್ಸಿಫೆನ್ ಶೇ. 12ರಷ್ಟು ಇಳಿದದ್ದು ನೆದರ್ಲೆಂಡ್ಸ್‌ನ 2019ರ ಅಧ್ಯಯನದಲ್ಲಿ ಕಂಡಿತು. 16 ಜನರ ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೂ ಎಚ್ಚರ ಬೇಡವೇ?

ಇದು ಗ್ರಾಂ ಲೆಕ್ಕದ ಮಾತ್ರೆಯ ಮಾತು. ಸಾರಿನ ಚಿಟಿಕೆ ಅರಿಶಿನ ಸುಮ್ನೆ ನಿಲ್ಲಿಸಬೇಡಿ. ಒಬ್ಬ ಅತ್ತೆ ಅದನ್ನೂ ನಿಲ್ಲಿಸಿದ್ದರು. ಸೊಸೆ ಬಿಳಿಚಿಕೊಂಡ ಸಾರು ಉಂಡು ಉಂಡು ಬೇಸತ್ತು ನನಗೆ ಫೋನ್ ಮಾಡಿದಳು.

ಗಿಡಮೂಲಿಕೆ ಏನು ಮಾಡೀತು ಎನ್ನುವವರಿಗೆ ಒಂದೇ ಮಾತು. ಕೈಕಾಲು ಜೋಮು ಹಿಡಿಸುವ ವಿಂಕ್ರಿಸ್ಟಿನ್ ಎಂಬ ಕೀಮೋ ಬಂದದ್ದು ನಿಮ್ಮ ಅಂಗಳದ ನಿತ್ಯಪುಷ್ಪದಿಂದ.

ಹಾವೇರಿ ಕಡೆಯ ರೈತರೊಬ್ಬರು, ಗುಟ್ಕಾದಿಂದ ಬಾಯಿ ಕ್ಯಾನ್ಸರ್. ಹೆಂಡತಿ ಸೀರೆ ಅಂಗಡಿಯ ಕವರೊಂದನ್ನು ನನ್ನ ಮೇಜಿನ ಮೇಲೆ ಸುರಿದರು. ಪೇಪರಿನಲ್ಲಿ ಸುತ್ತಿದ ಲಕ್ಷ್ಮಣಫಲದ ಒಣ ಎಲೆ. ಹೆಸರೇ ಇಲ್ಲದ ಬೂದು ಬಣ್ಣದ ಪುಡಿ; ಅದರಲ್ಲಿ ಯಾವ ಭಸ್ಮವಿತ್ತೋ, ಯಾವ ಲೋಹವಿತ್ತೋ. ನೆಂಟರು ತಂದುಕೊಟ್ಟ ಇಮ್ಯೂನಿಟಿ ಡಬ್ಬಿ ಎರಡು. "ಇದನ್ನೆಲ್ಲ ಅಲ್ಲಿ ತೋರಿಸಿದ್ರೇನಮ್ಮ?" ಎಂದೆ. "ಅಯ್ಯ, ಅಷ್ಟ ದೊಡ್ಡ ಡಾಕ್ಟರಿಗೆ ಇದನ್ನ ಹೆಂಗ್ ತೋರ್ಸೂದ್ರಿ?"

ಸಿಟ್ಟು ಬಂತು, ಪಾಪ ಅನ್ನಿಸಿತು. ಚೀಟಿ ಬರೆದೆ. ಪ್ರತಿಯೊಂದಕ್ಕೂ ಸಸ್ಯಶಾಸ್ತ್ರದ ಹೆಸರು, ದಿನಕ್ಕೆ ಎಷ್ಟು, ಎಂದಿನಿಂದ. ಹೆಸರಿಲ್ಲದ ಪುಡಿಯ ಎದುರು "ಏನೆಂದು ಗೊತ್ತಿಲ್ಲ, ಇಂದೇ ನಿಲ್ಲಿಸಲು ಹೇಳಿದ್ದೇನೆ" ಎಂದು ಬರೆದೆ. ನಾನು ಕೊಡಬೇಕೆಂದಿದ್ದ ಜೇಷ್ಠಮಧು ಕಷಾಯವನ್ನೂ ಸೇರಿಸಿದೆ, ಬಾಯಿ ಮುಕ್ಕಳಿಸಿ ಉಗುಳಲು ಮಾತ್ರ. ನುಂಗುತ್ತಾ ಹೋದರೆ ಬಿಪಿ ಏರಬಹುದು, ಪೊಟ್ಯಾಶಿಯಂ ಇಳಿಯಬಹುದು. ನಿಮ್ಮ ರಿಪೋರ್ಟ್ ನೋಡದೆ ಈ ಕಷಾಯವನ್ನು ನಿಮಗೂ ಹೇಳುತ್ತಿಲ್ಲ, ನೆನಪಿರಲಿ.

ಮುಂದಿನ ವಾರ ಅದೇ ಚೀಟಿ ವಾಪಸ್ ಬಂತು. ಕೆಳಗೆ ಕ್ಯಾನ್ಸರ್ ಡಾಕ್ಟರ ಅಕ್ಷರ: ಮುಕ್ಕಳಿಸುವುದು ಆಗಬಹುದು, ಉಳಿದದ್ದು ರೇಡಿಯೇಶನ್ ಮುಗಿಯುವವರೆಗೆ ಬೇಡ. ಬೈದರೇನಮ್ಮ ಎಂದು ಕೇಳಿದೆ. ಇಲ್ಲವಂತೆ. ಅವರ ಚಿಂತೆ ಬೇರೆಯೇ ಇತ್ತು.

"ಎರಡನೇ ಡಬ್ಬಿ ಇನ್ನೂ ಒಡದಿಲ್ರೀ. ಅಂಗಡ್ಯಾಗ ವಾಪಸ್ ತಗೋತಾರೇನ್ರೀ?"